ಕಿವಿಯ ಕ್ರಿಮಿಗೆ ಅಡುಗೆ ಮಾಡುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಪುಟ್ಟ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಬಿಸಿನೀರಿನಲ್ಲಿಟ್ಟ ಗಾಜಿನ ಬಾಟಲಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದಾರೆ. ಒಳಗೆ ಅಗರ್ ಎಂಬ ಅಂಟು, ಅದರಲ್ಲಿ ಕುರಿಯ ರಕ್ತ. ಕೆಂಪು ನೋಡನೋಡುತ್ತಲೇ ಚಾಕೊಲೇಟಿನ ಬಣ್ಣಕ್ಕೆ ತಿರುಗುತ್ತದೆ. "ಈಗ ಮಾತಾಡಿಸ್ಬೇಡಿ" ಎನ್ನುತ್ತಾರೆ, ಇತ್ತ ನೋಡದೆಯೇ. ಪುಟ್ಟ ತಟ್ಟೆಗಳಿಗೆ ಸುರಿದು ಮುಚ್ಚಿದ ಮೇಲೆಯೇ ನಗು.

ಲ್ಯಾಬಿನವರಿಗೆ ಇವರು ಅಡುಗೆಯಕ್ಕ. ಕೀವಿನಲ್ಲೋ ಕಫದಲ್ಲೋ ಅಡಗಿರುವ ಬ್ಯಾಕ್ಟೀರಿಯಾ ಯಾವುದೆಂದು ತಿಳಿಯಬೇಕಾದರೆ ಅದನ್ನು ಬೆಳೆಸಬೇಕು. ಬೆಳೆಯಲು ಅದಕ್ಕೆ ಊಟ ಬೇಕು. ಆ ಊಟ ಇವರದು, ದಿನಕ್ಕೆ ಇನ್ನೂರು ತಟ್ಟೆ. "ಉಪ್ಪು ಕಮ್ಮಿ ಅಂತ ಇವತ್ತಿನವರೆಗೂ ಒಬ್ಬರೂ ಬಾಯಿ ಬಿಟ್ಟಿಲ್ಲ. ಮನೇಲಿ ಆ ಭಾಗ್ಯ ಇಲ್ಲ."

ಲಾರಿ ಓಡಿಸುತ್ತಿದ್ದ ಗಂಡನ ಕಾಲು ಮುರಿದಾಗ ಇಲ್ಲಿ ಬಾಟಲಿ ತೊಳೆಯಲು ಸೇರಿದವರು. ನೋಡಿ ನೋಡಿ ಕಲಿತರು. ಮುಂಗೈ ತುಂಬ ಉಗಿ ಸುಟ್ಟ ಕಲೆಗಳು. ಮನೆಯಲ್ಲಿ ಅತ್ತೆಯ ಚುಚ್ಚುಮಾತು ಬೇರೆ: "ಹಾವಿಗೆ ಹಾಲೆರೆಯೋ ಕೆಲಸ ನಿಂದು." ಸೊಸೆಯ ಉತ್ತರ ಸಿದ್ಧ: "ಕುಡಿಯೋಕೆ ಹೊರಗೆ ಬಂದ್ರೆ ತಾನೇ ಅತ್ತೆ, ಯಾವ ಹಾವು ಅಂತ ಗೊತ್ತಾಗೋದು?"

ಎಳೆಯ ಮಕ್ಕಳ ನಡುಗಿವಿಗೆ ಕಾಟ ಕೊಡುವ ಕ್ರಿಮಿಗಳಲ್ಲಿ ನ್ಯೂಮೊಕಾಕಸ್‌ಗೆ ಹಸಿ ರಕ್ತದ ತಟ್ಟೆಯೇ ಸಾಕು. ಹೀಮೋಫಿಲಸ್‌ಗೆ ಹದವಾಗಿ ಕಾಯಿಸಿದ ರಕ್ತವೇ ಆಗಬೇಕು. ಕಾವು ಒಂಚೂರು ಮೀರಿದರೆ ಅದಕ್ಕೆ ಉಪವಾಸ. "ಥೇಟ್ ಮಕ್ಕಳ ಹಟ" ಎನ್ನುತ್ತಾರೆ ಅಡುಗೆಯಕ್ಕ.

ಇದೆಲ್ಲ ನನಗೆ ಗೊತ್ತಾದದ್ದು ಎರಡು ವರ್ಷದ ಮಗಳಿಂದ. ಕಿವಿ ಮತ್ತೆ ಮತ್ತೆ ಸೋರುತ್ತಿತ್ತು, ಕೊಟ್ಟ ಔಷಧ ನಾಟುತ್ತಿರಲಿಲ್ಲ, ಕರೆದರೆ ಮಗು ತಿರುಗಿ ನೋಡುವುದನ್ನೇ ಬಿಟ್ಟಿತ್ತು. ಡಾಕ್ಟರು ಕೀವು ತೆಗೆದು ಲ್ಯಾಬಿಗೆ ಕಳಿಸಿದರು. ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಕ್ರಿಮಿ ಇಲ್ಲವೆಂದು ವರದಿ ಹೊರಡುವುದರಲ್ಲಿತ್ತು.

ಆದರೆ ಪ್ರತಿ ಸಲದ ಅಡುಗೆಯಲ್ಲೂ ಒಂದು ತಟ್ಟೆಗೆ ಅಡುಗೆಯಕ್ಕ, ಲ್ಯಾಬಿನಲ್ಲೇ ಸಾಕಿಟ್ಟ ಹೀಮೋಫಿಲಸನ್ನು ಸವರಿ ರುಚಿ ನೋಡಿಸುತ್ತಾರೆ. ಅಂದು ತಟ್ಟೆಗಳ ಅಭಾವವಿದ್ದದ್ದರಿಂದ ಆ ಪರೀಕ್ಷೆ ಮುಗಿಯುವ ಮೊದಲೇ ಉಳಿದವು ಬಳಕೆಗೆ ಹೋಗಿದ್ದವು. ಬೆಳಿಗ್ಗೆ ನೋಡಿದರೆ ಸಾಕಿದ ಕ್ರಿಮಿಯೂ ಬೆಳೆದಿಲ್ಲ! ರಕ್ತ ಹೆಚ್ಚು ಕಾದಿತ್ತು. ವರದಿ ನಿಲ್ಲಿಸಿ, ಏಪ್ರನ್ ಕಳಚಿ, ಕೈ ತೊಳೆದುಕೊಂಡು, ವರದಿಗೆ ಕಾಯುತ್ತ ನಾವು ಕೂತಿದ್ದಲ್ಲಿಗೇ ಬಂದರು.

"ಅಮ್ಮಾ, ತಟ್ಟೆ ಕೆಡಿಸಿದ್ದು ನಾನು. ಏನೂ ಇಲ್ಲ ಅಂದ್ರೆ ನಂಬಬೇಡಿ. ಇನ್ನೊಂದ್ಸಲ ಕೀವು ತೆಗೆಸಿ."

"ಮತ್ತೆ ಅಳಿಸ್ಬೇಕಾ ಮಗೂನ?" ನನ್ನ ದನಿ ಏರಿತ್ತು.

"ಬೈಯಿರಿ, ಬೈಸ್ಕೊತೀನಿ. ಆದ್ರೆ ಹಾಗೇ ಮನೆಗೆ ಕರ್ಕೊಂಡು ಹೋಗ್ಬೇಡಿ."

ಹೊಸ ತಟ್ಟೆಯಲ್ಲಿ ಹನಿಯಂಥ ಬೂದು ಚುಕ್ಕಿಗಳೆದ್ದವು. ಹೀಮೋಫಿಲಸ್, ಅದೂ ಹಳೆಯ ಔಷಧಕ್ಕೆ ಜಗ್ಗದ ಜಾತಿ. ಔಷಧ ಬದಲಾಯಿತು, ಕಿವಿ ಒಣಗಿತು. ಈಗ ಬಿಸ್ಕತ್ತಿನ ಡಬ್ಬಿಯನ್ನು ಎಷ್ಟು ಕದ್ದು ತೆರೆದರೂ ಸದ್ದು ಹಿಡಿದು ಮಗಳು ಓಡಿ ಬರುತ್ತಾಳೆ.

ನಿಮ್ಮ ಋಣ ಹೇಗೆ ತೀರಿಸಲಿ ಎಂದರೆ ಅಡುಗೆಯಕ್ಕ ಕೈಯಾಡಿಸಿಬಿಡುತ್ತಾರೆ. "ಋಣ ಗಿಣ ಏನೂ ಇಲ್ಲ. ಬೆಳೆದಿದ್ದನ್ನ ಎಲ್ಲರೂ ನೋಡ್ತಾರೆ, ನಂಗೆ ಬೆಳೀದೆ ಇರೋದ್ರದ್ದೇ ಚಿಂತೆ. ನನ್ನ ತಟ್ಟೇಲಿ ಏನೂ ಇಲ್ಲ ಅಂತ ಬಂದ್ರೆ, ಆ ಮಗೂನ ಹೆತ್ತವಳು ನಂಬಿ ನಿದ್ದೆ ಮಾಡ್ಬೇಕು. ಅಷ್ಟಾದ್ರೆ ಸಾಕು."