ಕಪಾಟಿನಲ್ಲಿ ಬೀಗ ಹಾಕಿಟ್ಟ ಮೈಕುಗಳು

ಹೋದ ವಾರ ಮನೆಗೆ ಸುಣ್ಣ ಹಚ್ಚಿಸಬೇಕೆಂದು ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿದೆ. ಹಳೆಯ ಸರ್ಟಿಫಿಕೇಟುಗಳು, ತೂತು ಬಿದ್ದ ಶಾಲು, ಎಂದೋ ನಿಂತ ಗಡಿಯಾರ, ಎಲ್ಲದರ ಅಡಿಗೆ ಕೆಂಪು ಅಂಚಿನ ಟವೆಲಿನಲ್ಲಿ ಸುತ್ತಿದ ಒಂದು ಮೈಕು. ಹೆಂಡತಿ ಕೈಗೆತ್ತಿಕೊಂಡು, "ಇದ್ಯಾರದ್ರೀ?" ಎಂದಳು. ನಾನು ಅದನ್ನು ಇಸಿದುಕೊಂಡು ಜಾಲರಿಯನ್ನು ಮೂಗಿನ ಹತ್ತಿರ ತಂದೆ. ಮೊದಲು ತುಕ್ಕಿನ ವಾಸನೆ ಬಂತು. ಅದರ ಹಿಂದೆ, ಇದ್ದೂ ಇಲ್ಲದಂತೆ, ಜೇಷ್ಠಮಧು...

ಬ್ಯಾಡಗಿಯ ನಮ್ಮ ಓಣಿಯಲ್ಲಿ ಮೈಕ್ ಸೆಟ್ಟಿನ ಕಾಕಾ ಇದ್ದರು. ಮದುವೆ, ಮುಂಜಿವೆ, ಪುರಾಣ, ಶಾಲೆಯ ಗ್ಯಾದರಿಂಗು, ಯಾವುದಿದ್ದರೂ ಕಹಳೆ ಬಾಯಿಯ ಅವರ ಎರಡು ಭೋಂಗಾ ಗಿಡದ ಮೇಲೋ ಮಾಳಿಗೆಯ ಮೇಲೋ ಏರಬೇಕು. ಸೆಟ್ಟು ಬಾಡಿಗೆಗೆ ಕೊಡುವವರು ಬೇರೆಯವರೂ ಇದ್ದರು. ಆದರೆ ಕಾಕಾ ಸೆಟ್ಟಿನ ಜೊತೆಗೆ ದನಿಯನ್ನೂ ತರುತ್ತಿದ್ದರು. "ಹಲೋ, ಮೈಕ್ ಟೆಸ್ಟಿಂಗ್" ಎನ್ನುವುದಕ್ಕೇ ಜನ ಒಳಗಿನಿಂದ ಎದ್ದು ಹೊರಗೆ ಬರಬೇಕು, ಅಂಥ ದನಿ. ಮೆಣಸಿನಕಾಯಿ ಊರಿನಲ್ಲಿ ದನಿ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಸೀಜನ್ನಿನಲ್ಲಿ ಗಾಳಿಯೇ ಘಾಟು, ಹೊರಗಿನಿಂದ ಬಂದವರು ಬಸ್ಸಿನಿಂದ ಇಳಿಯುತ್ತಲೇ ಸೀನುತ್ತಾರೆ. ಅದಕ್ಕಾಗಿ ಕಾಕಾನ ಬಲಗೆನ್ನೆಯಲ್ಲಿ ಯಾವಾಗಲೂ ಜೇಷ್ಠಮಧುವಿನ ಒಂದು ತುಂಡು ಇರುತ್ತಿತ್ತು. ಅವರ ಮೈಕಿಗೂ ಅದೇ ವಾಸನೆ ಹತ್ತಿಬಿಟ್ಟಿತ್ತು.

ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ಯಾರದೋ ಸೀಮಂತದ ಹಾಡಿನ ನಡುವೆ ಹಾಡು ನಿಲ್ಲಿಸಿ, "ನಮ್ಮ ಓಣಿ ಹುಡುಗ ಪಾಸಾಗ್ಯಾನ, ಎಲ್ಲಾರೂ ಆಶೀರ್ವಾದ ಮಾಡ್ರಿ" ಎಂದು ಊರಿಗೆಲ್ಲ ಸಾರಿದ್ದರು. ಗಣಿತದಲ್ಲಿ ಮೂವತ್ತೈದು ಬಂದದ್ದನ್ನು ಮಾತ್ರ ಸಾರಲಿಲ್ಲ. ಆ ಉಪಕಾರವನ್ನು ನಾನು ಬಹಳ ದಿನ ನೆನೆದೆ. ನೆನೆಯಬೇಕಾದ ದಿನ ನೆನೆಯಲಿಲ್ಲ ಎಂಬುದೇ ಈ ಕಥೆ.

ಅವರದೊಂದು ಪದ್ಧತಿ ಇತ್ತು. ಒಂದೇ ಮುಹೂರ್ತಕ್ಕೆ ಎರಡು ಮದುವೆ ಬಂದಾಗ ಹೆಚ್ಚು ಕೊಟ್ಟವರ ಕಡೆಗೆ ಸೆಟ್ಟು ತಿರುಗಿಸಿ ಯಾರೋ ಸೆಟ್ಟಿನವರು ಹೊಡೆದಾಟ ತಂದುಕೊಂಡಿದ್ದರಂತೆ. ಅಂದಿನಿಂದ ಕಾಕಾ, ಮುಂಗಡವಾಗಿ ಸಂಚಗಾರ ಕೊಟ್ಟು ಸೆಟ್ಟು ಗೊತ್ತು ಮಾಡಿದವರ ಕೈಗೆ ಮೈಕನ್ನು ಟವೆಲಿನಲ್ಲಿ ಸುತ್ತಿ ಕೊಟ್ಟುಬಿಡುತ್ತಿದ್ದರು. ಮೈಕಿಲ್ಲದ ಸೆಟ್ಟನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಒಯ್ದವನೇ ಕಾರ್ಯ ಮುಗಿದ ಮೇಲೆ ತಂದು ಅವರ ಕೈಗೆ ಒಪ್ಪಿಸಬೇಕು. "ಮೈಕ್ ಕೊಟ್ಟೆ ಅಂದ್ರ ಮಾತ ಕೊಟ್ಟಂಗ" ಎನ್ನುತ್ತಿದ್ದರು. ನೋಡನೋಡುತ್ತ ಹಾವೇರಿ, ರಾಣೆಬೆನ್ನೂರು ಕಡೆಯ ಸೆಟ್ಟಿನವರೂ ಇದನ್ನೇ ಹಿಡಿದರು. ಕಾಕಾನ ಅಂಗಡಿಯ ಗೋಡೆಯಲ್ಲಿ ಮೈಕು ತೂಗುಹಾಕುವ ಒಂದು ಮೊಳೆ ಇತ್ತು. ಮೊಳೆ ಖಾಲಿ ಇದ್ದರೆ ಸೆಟ್ಟು ಗೊತ್ತಾಗಿದೆ ಎಂದು ತಿಳಿದು ಜನ ಮಾತಾಡದೆ ತಿರುಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಗುಮಾಸ್ತನಾಗಿದ್ದೆ. ದಿನಾ ಬ್ಯಾಡಗಿಯಿಂದ ಹೋಗಿ ಬರುವುದು, ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಮ್ಮ ಕಂಪನಿಗಾಗಿ ಸುತ್ತಲಿನ ರೈತರು ಟೊಮೆಟೊ, ಬದನೆ, ಬೆಂಡೆಯ ಬೀಜ ಬೆಳೆಯುತ್ತಿದ್ದರು. ಒಂದು ಹೂವಿನ ಪುಡಿಯನ್ನು ಇನ್ನೊಂದಕ್ಕೆ ಕೈಯಿಂದ ಮುಟ್ಟಿಸುವ ಕ್ರಾಸಿಂಗ್ ಕೆಲಸವನ್ನು ಹೆಣ್ಣುಮಕ್ಕಳು ಮಾಡುತ್ತಿದ್ದರು. ಬೀಜವೆಲ್ಲ ಕಂಪನಿಗೆ ಬಂದು ಪರೀಕ್ಷೆಗೆ ಹೋಗುತ್ತಿತ್ತು. ಪಾಸಾದರೆ ಹಣ, ಫೇಲಾದರೆ ಇಲ್ಲ. ಯಾಕೆ ಫೇಲಾಯಿತು ಎಂದು ಕೇಳಿದರೆ ತೋರಿಸಲು ಒಂದು ಕಾಗದವೂ ಇರುತ್ತಿರಲಿಲ್ಲ. ಹಾಗೆ ಹೇಳಿ ಕಳಿಸುವ ಕೆಲಸ ನನ್ನದೇ ಆಗಿತ್ತು, ಅದನ್ನೂ ಬಾಯಿ ಬಿಟ್ಟು ಹೇಳಿಬಿಡುತ್ತೇನೆ.

ಆ ವರ್ಷ ಚುನಾವಣೆ ಬಂತು. ನಮ್ಮ ಕಂಪನಿ ಒಬ್ಬ ಅಭ್ಯರ್ಥಿಯ ಬೆನ್ನಿಗೆ ನಿಂತಿತು. ಅವರ ಜೀಪು, ಬ್ಯಾನರು, ಊಟ, ಎಲ್ಲದರ ಹಿಂದೆಯೂ ನಮ್ಮದೇ ಕೈ. ಎದುರಿಗಿದ್ದ ದೊಡ್ಡವರ ಬಗ್ಗೆ ನಮ್ಮ ಸಾಹೇಬರಿಗೆ ಚಿಂತೆ ಇರಲಿಲ್ಲ. ಅವರ ನಿದ್ದೆ ಕೆಡಿಸಿದವಳು ಬೀಜದ ಹೊಲದ ಒಬ್ಬ ಅಕ್ಕ. ಎಂಟು ವರ್ಷ ಕ್ರಾಸಿಂಗ್ ಮಾಡಿದವಳು, ಪಕ್ಷೇತರಳಾಗಿ ನಾಮಪತ್ರ ಹಾಕಿಬಿಟ್ಟಳು. ಅವಳು ಕೇಳಿದ್ದು ಒಂದೇ: ಬೀಜದ ಪರೀಕ್ಷೆ ಬೆಳೆದವರ ಕಣ್ಣ ಮುಂದೆ ಆಗಲಿ. ಅವಳು ಗೆಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಆದರೆ ಆ ಒಂದು ಮಾತು ಹತ್ತು ಹಳ್ಳಿಯಲ್ಲಿ ಕೇಳಿಸಿದರೆ ಸಾಕು, ನಮ್ಮ ಕಚೇರಿಯ ಮುಂದೆ ಜನ ಸೇರುತ್ತಿದ್ದರು.

ಒಂದು ದಿನ ಸಾಹೇಬರು ನನ್ನನ್ನು ಕರೆದು ಹಣದ ಚೀಲ ಕೊಟ್ಟರು. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ, ಗುತ್ತಲ, ಕರ್ಜಗಿ, ಎಲ್ಲೆಲ್ಲಿ ಮೈಕ್ ಸೆಟ್ಟು ಇವೆಯೋ ಎಲ್ಲವನ್ನೂ ಚುನಾವಣೆ ಮುಗಿಯುವ ತನಕ ಗೊತ್ತು ಮಾಡಿ ಬಾ ಎಂದರು. ಅಷ್ಟು ಸೆಟ್ಟಿಗೆ ಅಷ್ಟು ಸಭೆ ಎಲ್ಲಿವೆ ಎಂದು ಕೇಳಿದೆ. ಸಾಹೇಬರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. "ಸಭೆ ಯಾಕ್ರೀ? ಸುಮ್ನೆ ಇಟ್ಕೊಂಡಿರ್ಲಿ, ಬಾಡಿಗೆ ಬರುತ್ತಲ್ಲ" ಎಂದು ನಕ್ಕರು.

ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾದೀತು. ಅರ್ಥವಾಗದವನಂತೆ ಬಸ್ಸು ಹತ್ತಿದೆ.

ಸೆಟ್ಟಿನವರು ಖುಷಿಯಿಂದಲೇ ಕೊಟ್ಟರು. ಭೋಂಗಾ ಕಟ್ಟುವುದಿಲ್ಲ, ಇಳಿಸುವುದಿಲ್ಲ, ಹಣ ಮಾತ್ರ ಬರುತ್ತದೆ, ಯಾರಿಗೆ ಬೇಡ? ಪದ್ಧತಿಯಂತೆ ಮೈಕು ಬಿಚ್ಚಿ ನನ್ನ ಕೈಗಿಟ್ಟರು. ಕಾಕಾ ಮಾತ್ರ ಏತಕ್ಕೆಂದು ಕೇಳಿದರು. ರೈತರ ಸಭೆ ಇವೆ ಎಂದೆ. ಒಂದು ಕ್ಷಣ ನನ್ನ ಮುಖ ನೋಡಿ, "ಬ್ಯಾರೆದವ್ರು ಬಂದಿದ್ರ ಹತ್ತ ಸಲ ಕೇಳ್ತಿದ್ದೆ. ನೀ ಬಂದೀದಿ, ಮತ್ತೇನ್ ಕೇಳೂದೈತಿ" ಎಂದು ಕೆಂಪು ಅಂಚಿನ ಟವೆಲಿನಲ್ಲಿ ಸುತ್ತಿ ಕೊಟ್ಟರು. ಕಾಕಾನ ಹೆಂಡತಿ ಕಾಕೂ ಕೊಟ್ಟ ಅವಲಕ್ಕಿ ತಿಂದು ಬಂದೆ. ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಮೂರು ತಾಲೂಕಿನ ಮೈಕುಗಳನ್ನು ಜೋಡಿಸಿಟ್ಟು ಬೀಗ ಹಾಕಿದೆ. ಅಷ್ಟೊಂದು ಮೈಕು ಒಂದೇ ಕಡೆ ಅಷ್ಟು ಸುಮ್ಮನೆ ಮಲಗಿದ್ದನ್ನು ಅದಕ್ಕೂ ಮೊದಲು ಯಾರೂ ನೋಡಿರಲಿಕ್ಕಿಲ್ಲ.

ವಾರದೊಳಗೆ ಆ ಅಕ್ಕ ಊರೂರು ಅಲೆದಳು. ಹೋದಲ್ಲೆಲ್ಲ ಖಾಲಿ ಮೊಳೆ. ದೊಡ್ಡವರಂತೆ ದಾವಣಗೆರೆಯಿಂದಲೋ ಹುಬ್ಬಳ್ಳಿಯಿಂದಲೋ ತರಿಸುವಷ್ಟು ಹಣ ಅವಳ ಕೈಯಲ್ಲಿ ಇರಲಿಲ್ಲ. ಸಂತೆಯ ದಿನ ಬ್ಯಾಡಗಿಯಲ್ಲಿ ಸಭೆ ಮಾಡಲು ಪರವಾನಗಿ ಪಡೆದಿದ್ದಳು. ಕೊನೆಗೆ ಕಾಕಾನ ಅಂಗಡಿಗೆ ಬಂದು, "ಯಪ್ಪಾ, ಎಲ್ಲಾರ ಮೈಕೂ ಒಬ್ರ ಒಯ್ದಾರಂತ, ಖರೇ ಏನ್ರಿ?" ಎಂದು ಕೇಳಿದಳಂತೆ. ಆಗ ಕಾಕಾಗೆ ಎಲ್ಲವೂ ತಿಳಿಯಿತು.

ಮರುದಿನ ಮಧ್ಯಾಹ್ನ ಕಾಕಾ ನಮ್ಮ ಕಚೇರಿಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೊಟ್ಟ ಸಂಚಗಾರವನ್ನು ಹಾಗೆಯೇ ತಂದು ನನ್ನ ಟೇಬಲ್ಲಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಒಂದ ತಾಸಿನ ಮಟ್ಟಿಗೆ ಕೊಡ ತಮ್ಮಾ. ನಾಳೆ ಸಂತೀ ಮುಗದ ಕೂಡ್ಲೇ ಮತ್ತ ನಿನ್ನ ಕೈಯಾಗ ತಂದ್ ಕೊಡ್ತೇನಿ."

ಬೀಗದ ಕೈ ನನ್ನ ಜೇಬಿನಲ್ಲಿತ್ತು. ಕಪಾಟು ನಾಲ್ಕು ಹೆಜ್ಜೆ ದೂರ. ನಾನು, "ಸಾಹೇಬ್ರನ್ನ ಕೇಳಬೇಕಾಕ್ಕತಿ ಕಾಕಾ" ಎಂದೆ. ಸಾಹೇಬರು ಒಳಗಿನಿಂದಲೇ ಕೇಳಿಸಿಕೊಂಡು ಹೊರಗೆ ಬಂದರು. "ನಾವು ಯಾರ ಬಾಯನ್ನೂ ಮುಚ್ಚಿಸಿಲ್ಲ ಯಜಮಾನ್ರೇ. ಆಕೆ ಎಷ್ಟು ಬೇಕಾದ್ರೂ ಮಾತಾಡ್ಲಿ, ಅದು ಆಕೆ ಹಕ್ಕು. ದುಡ್ಡು ಕೊಟ್ಟು ಬಾಡಿಗೆಗೆ ತಗೊಂಡಿದ್ದೀವಿ, ಇದು ನಮ್ಮ ಹಕ್ಕು."

"ಬಾಯಿ ಮುಚ್ಚಿಲ್ಲ, ಖರೇ ಐತ್ರಿ" ಎಂದರು ಕಾಕಾ. "ಊರ ಕಿವೀನ ಕೊಂಡೀರಿ."

ಸಾಹೇಬರ ಮಾತನ್ನು ನಾನು ಬಹಳ ವರ್ಷ ಮೆಲುಕು ಹಾಕಿದ್ದೇನೆ. ಕಾನೂನಿನ ಪುಸ್ತಕ ಹಿಡಿದು ಕೂತರೆ ಅದರಲ್ಲಿ ತಪ್ಪು ಸಿಗಲಿಕ್ಕಿಲ್ಲ. ಯಾರೂ ಯಾರನ್ನೂ ತಡೆದಿರಲಿಲ್ಲ, ಹೆದರಿಸಿರಲಿಲ್ಲ. ಮಾತಾಡುವ ಸ್ವಾತಂತ್ರ್ಯ ಅವಳಿಗೆ ಪೂರ್ತಿ ಇತ್ತು, ಅಡುಗೆ ಮನೆಯಲ್ಲಿ ಇರುವಷ್ಟೇ ಇತ್ತು. ಆದರೆ ಅವತ್ತು ನನಗೆ ಇಷ್ಟೆಲ್ಲ ಹೊಳೆಯಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಕಾಕಾನ ಮನೆಯಲ್ಲೂ ಉಂಡವನು ನಾನು ಎನ್ನುವುದು ಮರೆತೇ ಹೋಗಿತ್ತು. ಕಾಕಾ ಒಂದು ಲೋಟ ನೀರು ಕೇಳಿ ಕುಡಿದರು. ಸಾಹೇಬರು ಹಣವನ್ನು ತಿರುಗಿ ಅವರ ಕೈಗೆ ತುರುಕಿದರು. "ಮಾತ ಕೊಟ್ಟೇನಿ, ಸೆಟ್ಟ ಮುಟ್ಟೂದಿಲ್ಲ ಬಿಡ್ರಿ" ಎಂದು ಹೇಳಿ ಕಾಕಾ ಹೊರಟುಹೋದರು.

ಸಂತೆಯ ದಿನ ಏನಾಗುತ್ತದೆ ನೋಡಿ ಬಾ ಎಂದು ಸಾಹೇಬರು ನನ್ನನ್ನೇ ಕಳಿಸಿದರು. ಉಳ್ಳಾಗಡ್ಡಿಯ ರಾಶಿಗಳ ಹಿಂದೆ, ಕಾಣದಂತೆ ನಿಂತೆ. ಆ ಅಕ್ಕ ಒಂದು ಚಕ್ಕಡಿಯ ಮೇಲೆ ಹತ್ತಿದಳು. ದನಿ ಸಣ್ಣದು, ಮೂರನೇ ಸಾಲಿಗೇ ಕೇಳುತ್ತಿರಲಿಲ್ಲ. ಸಂತೆ ತನ್ನ ಪಾಡಿಗೆ ತಾನು ಗದ್ದಲ ಮಾಡುತ್ತಿತ್ತು. ಆಗ ಕಾಕಾ ಧೋತರ ಎತ್ತಿ ಕಟ್ಟಿ ಅವಳ ಪಕ್ಕಕ್ಕೆ ಹತ್ತಿ ನಿಂತರು.

"ಸೆಟ್ಟ ಬಾಡಿಗಿ ಕೊಟ್ಟೇನಿ. ಗಂಟಲಾ ಕೊಟ್ಟಿಲ್ಲ. ನೀ ಹೇಳವ್ವಾ, ನಾ ಕೂಗ್ತೇನಿ."

ಅವಳು ಒಂದು ಮಾತು ಹೇಳುವುದು, ಕಾಕಾ ಅದನ್ನು ಹೇಳಿದಂತೆಯೇ ಎತ್ತಿ ಸಂತೆಯ ಆ ತುದಿಗೆ ಒಗೆಯುವುದು. ತನ್ನದೊಂದು ಅಕ್ಷರ ಸೇರಿಸಲಿಲ್ಲ, ಅವಳದೊಂದು ಬಿಡಲಿಲ್ಲ. "ನಾನೂ ಒಬ್ಬಾಕಿ ಹೆಣ್ಣಮಗಳು" ಎಂದು ಅವಳು ಹೇಳಿದ್ದನ್ನೂ ಆ ಗಡಸು ದನಿಯಲ್ಲಿ, ಆ ಮೀಸೆಯೊಳಗಿಂದ ಹಾಗೆಯೇ ಕೂಗಿದರು. ಸಂತೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಕಾಕಾ ನಗಲಿಲ್ಲ. "ಎಂಟ ವರ್ಷ ಹೂವಿಗೆ ಹೂವ ಮುಟ್ಟಿಸಿ ನನ್ನ ಬೆರಳ ಮರಗಟ್ಟ್ಯಾವ. ನನ್ನ ಬೀಜ ಫೇಲ್ ಅಂದ್ರು. ಯಾಕಂತ ಕೇಳಿದ್ರ ಕಾಗದ ಇಲ್ಲಂದ್ರು." ಅಷ್ಟು ಹೊತ್ತಿಗೆ ನಗು ತಾನಾಗಿಯೇ ನಿಂತಿತ್ತು. ಕಾಗದ ಇಲ್ಲ ಎಂದವನು ನಾನೇ. ನನ್ನದೇ ಮಾತು ನಮ್ಮ ಕಾಕಾನ ದನಿಯಲ್ಲಿ ತಿರುಗಿ ನನ್ನ ಕಿವಿಗೆ ಬಂತು. ಉಳ್ಳಾಗಡ್ಡಿಯ ಹಿಂದೆ ನಿಂತದ್ದು ಒಳ್ಳೆಯದಾಯಿತು, ಕಣ್ಣಲ್ಲಿ ನೀರು ಯಾಕೆ ಎಂದು ಯಾರೂ ಕೇಳಲಿಲ್ಲ.

ನಡುವೆ ಘಾಟು ಬಡಿದು ಕಾಕಾಗೆ ಕೆಮ್ಮು ಹತ್ತಿತು. "ಬ್ಯಾಟರಿ ಡೌನ್ ಆತೇನ್ ಕಾಕಾ?" ಎಂದು ಯಾರೋ ಕಿಚಾಯಿಸಿದರು. ಕಾಕಾ ಕೈ ಎತ್ತಿ ತಡೆಯಿರಿ ಎಂದು, ಕೆನ್ನೆಯೊಳಗಿನ ತುಂಡನ್ನು ಕಡಿದು ನುಂಗಿ ಮತ್ತೆ ಸುರು ಮಾಡಿದರು. ಆ ತುದಿಯಲ್ಲಿ ಬಳೆ ಮಾರುವವಳೊಬ್ಬಳು ಅವರ ಮಾತನ್ನು ಹಿಡಿದು ಹಿಂದಿನವರಿಗೆ ಹೇಳತೊಡಗಿದಳು. ಪೂರಾ ಒಂದು ತಾಸು ಹೀಗೆಯೇ ನಡೆಯಿತು.

ಆ ಅಕ್ಕ ಸೋತಳು, ಡಿಪಾಜಿಟ್ಟೂ ಉಳಿಯಲಿಲ್ಲ. ನಮ್ಮ ಕಡೆಯವರು ಗೆದ್ದು ಗುಲಾಲು ಹಾರಿಸಿದರು. ಕಾಕಾ ಎರಡು ತಿಂಗಳು ದನಿ ಒಡೆದು ಪಿಸುಮಾತಿನಲ್ಲಿ ದಿನ ನೂಕಿದರಂತೆ. ಬೀಜದ ಪರೀಕ್ಷೆ ಕಣ್ಣ ಮುಂದೆ ಆಯಿತೇ ಎಂದು ನೀವು ಕೇಳಿದರೆ, ನಾನಿದ್ದ ತನಕ ಆಗಲಿಲ್ಲ. ಆದರೆ ಆ ಸಂತೆಯ ಮೇಲೆ ರೈತರು ಕಚೇರಿಗೆ ಬಂದಾಗ ಒಬ್ಬೊಬ್ಬರೇ ಬರುತ್ತಿರಲಿಲ್ಲ.

ಚುನಾವಣೆ ಮುಗಿದ ಮೇಲೆ ಮೈಕುಗಳನ್ನು ತಿರುಗಿ ಮುಟ್ಟಿಸುವ ಕೆಲಸ ನನಗೇ ಬಂತು. ಎಲ್ಲರಿಗೂ ಕೊಟ್ಟೆ. ಕಾಕಾನ ಮೈಕನ್ನು ಕೊಡಲು ಮೂರು ಸಲ ಅವರ ಅಂಗಡಿಯ ತಿರುವಿನ ತನಕ ಹೋದೆ, ಮೂರು ಸಲವೂ ತಿರುಗಿ ಬಂದೆ. ನಾಳೆ ಕೊಟ್ಟರಾಯಿತು ಎಂದುಕೊಂಡೆ. ಆಮೇಲೆ ಹಾವೇರಿಗೆ ಮನೆ ಮಾಡಿದೆ, ಕೆಲಸ ಬಿಟ್ಟೆ, ಮದುವೆಯಾಯಿತು... ನಾಳೆ ಎಂಬುದು ಹಾಗೆಯೇ ಹಿಂದೆ ಬಿತ್ತು.

ಕಾಕಾ ತೀರಿಕೊಂಡ ಸುದ್ದಿ ತಿಳಿದದ್ದೇ ತಡವಾಗಿ. ಹದಿನೈದು ದಿನ ಕಳೆದ ಮೇಲೆ ಮೈಕು ಹಿಡಿದುಕೊಂಡು ಹೋದೆ. ಕಾಕೂ ಅಂಗಡಿಯ ಬಾಗಿಲು ತೆರೆದು ತೋರಿಸಿದರು. ಭೋಂಗಾಗಳ ಮೇಲೆ ಧೂಳು, ಬದಿಗೆ ಆಮೇಲೆ ಕೊಂಡ ಇನ್ನೊಂದು ಮೈಕು ಹಲಗೆಯ ಮೇಲಿತ್ತು. ಗೋಡೆಯ ಮೊಳೆ ಮಾತ್ರ ಖಾಲಿ.

"ಹೊಸಾದನ್ನ ಅಲ್ಲಿ ಹಾಕಗೊಡಲಿಲ್ಲಪ್ಪಾ. ಅದು ಹುಡುಗ ತರೂ ಮೈಕಿನ ಜಾಗಾ, ಇರ್ಲಿ ಅಂತಿದ್ರು."

ನಾನು ಟವೆಲ್ ಸಮೇತ ಮೈಕನ್ನು ಮುಂದೆ ಹಿಡಿದೆ. ಕಾಕೂ ಕೈ ಚಾಚಲಿಲ್ಲ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವವರಂತೆ, "ಒಯ್ದಾಂವ ತಂದು ಅವ್ರ ಕೈಯಾಗ ಕೊಡಬೇಕು. ನಾ ಹೆಂಗ ಇಸ್ಕೊಳ್ಳಿ? ನೀನ ಇಟ್ಕೋ. ಚಾ ಕುಡದ ಹೋಗು" ಎಂದರು. ಚಹಾ ಕುಡಿದು ಬಂದೆ. ಮೈಕನ್ನು ಟ್ರಂಕಿನ ಅಡಿಗೆ ಇಟ್ಟೆ.

ಈಗ ಸುಣ್ಣ ಹಚ್ಚಿ ಮುಗಿದಿದೆ. ಟ್ರಂಕು ಮತ್ತೆ ಅಟ್ಟಕ್ಕೆ ಏರಿದೆ. ಮೈಕನ್ನು ಮಾತ್ರ ಒಳಗಿಡಲು ಮನಸ್ಸಾಗದೆ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಮತ್ತೆ ಚುನಾವಣೆಯ ಗಾಳಿ ಎದ್ದಿದೆ. ಯಾರದೋ ಮುದ್ರಿಸಿದ ದನಿ ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ನನ್ನನ್ನು ಅಣ್ಣಾ ಎಂದು ಕರೆದು ಓಟು ಕೇಳುತ್ತದೆ. ತಿರುಗಿ ಏನು ಹೇಳಿದರೂ ಅದಕ್ಕೆ ಕೇಳುವುದಿಲ್ಲ. ಫೋನು ಕೆಳಗಿಟ್ಟು ಜಾಲರಿಯನ್ನು ಮತ್ತೊಮ್ಮೆ ಮೂಗಿಗೆ ಹಿಡಿದು ನೋಡಿದೆ. ಹೋದ ವಾರವಿದ್ದ ಜೇಷ್ಠಮಧುವಿನ ವಾಸನೆ, ಹೊರಗಿನ ಗಾಳಿಗೆ ಇಟ್ಟದ್ದಕ್ಕೋ ಏನೋ, ಈಗ ಹೋಗಿಬಿಟ್ಟಿದೆ. ಕಾಕಾ ಕೇಳಿದ್ದು ಒಂದು ತಾಸಿನ ಮಟ್ಟಿಗೆ ಮಾತ್ರ.