ಮೂಕಣ್ಣನ ಪಾಲು

ಹೊಸಪೇಟೆ ರೈಲು ನಿಲ್ದಾಣದ ಹಿಂದಿನ ಸಣ್ಣ ಪ್ರಾರ್ಥನಾ ಮಂದಿರಕ್ಕೆ ಬಳ್ಳಾರಿಯ ಬಿಳಿಯ ಪಾದ್ರಿ ದೊರೆ ಬರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ಅವರು ಬಂದ ಭಾನುವಾರ ಮಾತ್ರ ಯೇಸುವಿನ ಹೆಸರಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ. ಉಳಿದ ವಾರಗಳಲ್ಲಿ ಉಪದೇಶಿ ಹಂಪಯ್ಯನವರು ವಾಕ್ಯ ಓದಿ ಪ್ರಾರ್ಥನೆ ನಡೆಸುತ್ತಿದ್ದರು.

೧೯೨೬ರ ಚಳಿಗಾಲದ ಅಂಥದೊಂದು ಭಾನುವಾರ, ನಿಂಗಕ್ಕ ಹಿಂದಿನ ಸಂಜೆಯಿಂದ ಉಪವಾಸವಿದ್ದು, ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಉಪವಾಸವಿರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೊಟ್ಟೆ ತುಂಬಿಸಿಕೊಂಡು ದೇವರ ಮುಂದೆ ಹೋಗುವುದು ಅವಳು ಕಂಡು ಕೇಳಿದ್ದಲ್ಲ, ಅಷ್ಟೇ. ಅವಳ ಗಂಡ ಮೂಕಣ್ಣ ಊರಾಚೆ, ಅವಳು ಕಲ್ಲು ಹೊರುತ್ತಿದ್ದ ಸುಣ್ಣದ ಭಟ್ಟಿಯ ಹತ್ತಿರದ ಗುಡಿಸಲಲ್ಲಿ ಮಲಗಿದ್ದ. ಹದಿನಾಲ್ಕು ವರ್ಷ ಸಂಡೂರಿನ ಗುಡ್ಡದಲ್ಲಿ ಅದಿರು ಒಡೆದ ಎದೆ. ಈಗ ಅದರಲ್ಲಿ ಉಸಿರಿಗಿಂತ ಕೆಮ್ಮೇ ಹೆಚ್ಚು. ಇನ್ನು ಮೂರು ತಿಂಗಳು ಅವನು ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಹೊರಡುವಾಗ ಒಂದೇ ಮಾತು ಹೇಳಿದ್ದ: "ನನ್ನ ಪಾಲಿಂದು ತಗೊಂಡು ಬಾ."

ನಿಂಗಕ್ಕನಿಗೆ ಅದು ತಪ್ಪೆನಿಸಲಿಲ್ಲ. ತವರೂರು ಎಮ್ಮಿಗನೂರಿನಲ್ಲಿ ಏಳಲಾರದವರ ಪ್ರಸಾದ ಯಾರದಾದರೂ ಸೆರಗಿನಲ್ಲಿ ಮನೆಗೆ ಬರುತ್ತಿತ್ತು. ತಂದವರು ಅದನ್ನು ದಾರಿಯಲ್ಲಿ ತಿಂದರೆ ಪಾಪ.

ತಟ್ಟೆ ಬಂತು. ರೊಟ್ಟಿಯ ಚೂರನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಎಲ್ಲರೂ ತಲೆ ಬಾಗಿಸಿದ್ದಾಗ ಅದನ್ನು ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದಳು.

"ಏನವ್ವಾ, ಬಾಯಿಗಿಡಲೇ ಇಲ್ಲ," ಪಕ್ಕದ ಗಾಳೆಮ್ಮ ಪಿಸುಗುಟ್ಟಿದಳು. "ಹಲ್ಲಿಲ್ಲದಾಕಿ ನಾನೇ ನುಂಗೀನಿ. ನಿನಗೇನು ಬ್ಯಾನಿ?"

"ಸುಮ್ಕಿರು ಯಕ್ಕಾ."

ಗಾಳೆಮ್ಮನಿಗೆ ಸುಮ್ಮನಿದ್ದು ಅಭ್ಯಾಸವಿರಲಿಲ್ಲ. ಮಾತು ಸಾಲು ದಾಟಿ, ದ್ರಾಕ್ಷಾರಸದ ಪಾತ್ರೆ ಹಿಡಿದು ಬರುತ್ತಿದ್ದ ಹಂಪಯ್ಯನವರಿಗೆ ಮುಟ್ಟಿತು. ಅವರು ನಿಂಗಕ್ಕನ ಮುಂದೆ ನಿಂತರು. ಪಾತ್ರೆ ಕೊಡಲಿಲ್ಲ.

"ಸೆರಗು ಬಿಚ್ಚವ್ವ."

"ಅದು ನಮ್ಮ ಮನೆಯವರದ್ರಿ. ಹಾಸಿಗಿ ಬಿಟ್ಟು ಏಳಂಗಿಲ್ರಿ ಅವರು."

"ಕಟ್ಟಿಕೊಂಡು ಹೋಗಾಕ ಇದೇನು ಗುಡಿ ಪ್ರಸಾದ ಅಂತ ತಿಳಿದೀಯೇನು? ಇದನ್ನ ಮುಟ್ಟಾಕ ಎಷ್ಟು ಭಯ ಬೇಕು ಅಂತ ಎರಡು ವರ್ಷ ಕಲಿಸೀನಿ ನಿನಗ."

"ಭಯ ಇದ್ದದ್ದಕ್ಕ ತಿಂದಿಲ್ರಿ. ಅವರ ಪಾಲು ನಾ ತಿಂದ್ರ ದೇವರು ಕೇಳಂಗಿಲ್ಲೇನ್ರಿ?"

"ಮತ್ತ ನಿನ್ನ ಪಾಲು?"

"ಒಂದ ಕೊಟ್ರಲ್ರಿ. ನನ್ನ ಕಾಲು ಗಟ್ಟಿ ಅದಾವು, ಮುಂದಿನ ಸಲ ಬರ್ತೀನಿ."

ಗಂಡಸರ ಸಾಲಿನಲ್ಲಿ ಯಾರೋ ನಕ್ಕರು. ಹಂಪಯ್ಯನವರು ಆ ಕಡೆ ನೋಡಿದ ಮೇಲೆ ಮತ್ತೆ ಯಾರೂ ನಗಲಿಲ್ಲ.

"ಇಲ್ಲೇ ತಿನ್ನು, ಇಲ್ಲಾ ತಟ್ಟ್ಯಾಗ ಇಡು. ಹಂಗ ಎದ್ದು ಹೋದಿ ಅಂದ್ರ ನಿನ್ನ ಹೆಸರು ಸಭಿಯಾಗ ಉಳಿಯಂಗಿಲ್ಲ."

ನಿಂಗಕ್ಕನಿಗೆ ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಚೂರನ್ನು ತಟ್ಟೆಯಲ್ಲಿಟ್ಟು, "ಮೈಲಿಗಿ ಮಾಡಿಲ್ರಿ," ಎಂದಳು. ಎದ್ದು ನಿಂತು ಮೇಜಿನ ಕಡೆಗೇ ನೋಡುತ್ತ ಕೇಳಿದಳು: "ಈಗ ಅವರಿಗೆ ಏನಂತ ಹೇಳ್ಲಿರಿ?"

ಮೇಜಿನ ಬಳಿ ನಿಂತಿದ್ದ ದೊರೆ ತಮ್ಮ ಪುಸ್ತಕದ ಕನ್ನಡದಲ್ಲಿ ಹಂಪಯ್ಯನವರನ್ನು ಕೇಳಿದರು: "ರೋಗಿಯ ಬಳಿಗೆ ನಾನೇ ಹೋಗತಕ್ಕದ್ದು. ಈ ಸಂಗತಿ ನನಗೆ ಏಕೆ ತಿಳಿಸಲಿಲ್ಲ?"

ಹಂಪಯ್ಯನವರ ಮುಖ ಕಪ್ಪಿಟ್ಟಿತು. ಸುಳ್ಳು ಹೇಳಿ ಗೊತ್ತಿರದ ಮನುಷ್ಯ. "ನನಗ ಗೊತ್ತಿತ್ರಿ. ನಿಮಗ ಹನ್ನೆರಡರ ಗಾಡಿ ತಪ್ಪತೈತಿ ಅಂತ ಹೇಳಲಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಪ್ರಾರ್ಥನೆ ಮುಗಿದ ಕೂಡಲೇ ರೊಟ್ಟಿ, ದ್ರಾಕ್ಷಾರಸಗಳನ್ನು ಬಿಳಿ ಬಟ್ಟೆಯಲ್ಲಿ ಮುಚ್ಚಿಕೊಂಡು ಮೂವರೂ ಹೊರಟರು. ಬಿಸಿಲೇರಿತ್ತು. ಮೂಕಣ್ಣ ಇನ್ನೂ ಇದ್ದಾನೆಯೇ ಎಂಬುದೇ ನಿಂಗಕ್ಕನ ಚಿಂತೆ.

ಇದ್ದ. ಆದರೆ ದೊರೆ ಬಟ್ಟೆ ಬಿಡಿಸುತ್ತಲೇ ಕೈ ಅಡ್ಡ ಹಿಡಿದ.

"ಹಿಂಗ ಬ್ಯಾಡ್ರಿ. ಮೈಯೆಲ್ಲ ನಾರತೈತಿ. ತೊಳೀರಿ ಮೊದಲು. ಮಲಕ್ಕೊಂಡು ತಗೊಳ್ಳಂಗಿಲ್ಲ, ನೆಲಕ್ಕ ಕುಂದ್ರಸ್ರಿ."

"ಹೊತ್ತಿಲ್ಲೋ ತಮ್ಮಾ," ಎಂದರು ಹಂಪಯ್ಯನವರು.

"ಕುಂದ್ರಸ್ರಿ."

ದೂರದಲ್ಲಿ ಗಾಡಿ ಸಿಳ್ಳೆ ಹಾಕಿತು. ದೊರೆ ಗಡಿಯಾರ ತೆಗೆಯಲಿಲ್ಲ. ನಿಂಗಕ್ಕ ಗಂಡನ ಮುಖ, ಕೈ, ಕಾಲು ತೊಳೆದಳು. ನೀರು ಹಾಕಿದವರು ಹಂಪಯ್ಯನವರು. ನೆಲಕ್ಕೆ ಇಳಿಸಿದಾಗ ಅವನು ಕೂರಲಾರದೆ ವಾಲಿದ. ಹಂಪಯ್ಯನವರು ಹಿಂದೆ ಕುಳಿತು ತಮ್ಮ ಎದೆಗೆ ಅವನ ಬೆನ್ನು ಆನಿಸಿಕೊಂಡರು. ರೊಟ್ಟಿ ಬಾಯಿಗೆ ಹೋಯಿತು, ಕೆಮ್ಮೂ ಬಂತು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ತಡೆದು, ನುಂಗಿದ.

ದೊರೆ ನಿಂಗಕ್ಕನ ಕಡೆ ತಟ್ಟೆ ಹಿಡಿದರು. ಅವಳು ಮುಟ್ಟದೆ ಹಂಪಯ್ಯನವರನ್ನು ನೋಡಿದಳು.

"ತಗೋ ತಂಗಿ," ಎಂದರು ಅವರು. "ಬರೋ ವಾರ ಸಭಿ ಮುಂದ ನಿಂತು ತಪ್ಪು ಒಪ್ಕೋಬೇಕು, ಅದು ತಪ್ಪಂಗಿಲ್ಲ. ನಿನಗೂ, ನನಗೂ."

ಬುಧವಾರ ಮೂಕಣ್ಣ ತೀರಿಕೊಂಡ. ಭಾನುವಾರ ಇಬ್ಬರೂ ಸಭೆಯ ಮುಂದೆ ನಿಂತರು. ಮೊದಲು ಮಾತಾಡಿದವರು ಹಂಪಯ್ಯನವರು.