ಸರ್ವರಿನ ವಾಟ್ನಿ

ನನಗೊಂದು ಕೆಟ್ಟ ಹೆಮ್ಮೆಯಿದೆ. ಯಾವುದನ್ನಾದರೂ ನಾಲ್ಕು ಜನರಿಗೆ ಹಂಚುವುದಿದ್ದರೆ ನನ್ನಷ್ಟು ನ್ಯಾಯವಾಗಿ ಹಂಚುವವನು ಬೈಲಹೊಂಗಲ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು. ಮನೆಯಲ್ಲಿ ಹೋಳಿಗೆ ಬಡಿಸುವಾಗ ಹೆಂಡತಿ ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸುತ್ತಾಳೆ, ಅದು ಬೇರೆ ಮಾತು.

ಈ ಗುಣ ಬಂದದ್ದು ಸಂಗೊಳ್ಳಿಯ ನಮ್ಮ ದೊಡ್ಡಪ್ಪನಿಂದ. ಅಣ್ಣತಮ್ಮಂದಿರು ಬೇರೆಯಾಗುವಾಗ ಆಸ್ತಿ ಹಂಚಿಕೊಳ್ಳುವುದಕ್ಕೆ ನಮ್ಮ ಕಡೆ ವಾಟ್ನಿ ಎನ್ನುತ್ತಾರೆ. ಸುತ್ತಮುತ್ತ ಯಾರ ಮನೆಯ ವಾಟ್ನಿಗೂ ದೊಡ್ಡಪ್ಪ ಬೇಕು. ಪಾಲು ಮಾಡುವವನು ಹಿರಿಯ, ಮೊದಲು ಆರಿಸಿಕೊಳ್ಳುವವನು ಕಿರಿಯ ಎಂಬುದು ಪದ್ಧತಿ. ಕೊನೆಗೆ ಉಳಿದದ್ದೇ ತನಗೆ ಎಂದು ಗೊತ್ತಿದ್ದರೆ ಎಂಥ ಅಣ್ಣನೂ ಅಳತೆಯ ಹಗ್ಗವನ್ನು ನೆಟ್ಟಗೆ ಹಿಡಿಯುತ್ತಾನೆ. ದೊಡ್ಡಪ್ಪನ ಇನ್ನೊಂದು ಕಟ್ಟಳೆಯೆಂದರೆ, ಏನನ್ನೂ ಹಂಚದೆ ಬಿಡಬಾರದು. ಬದುವಿನ ಜಾಲಿಗಿಡ, ಬಾವಿಯ ಸರದಿ, ಹಿತ್ತಲಿನ ಒರಳುಕಲ್ಲು, ಎಲ್ಲಕ್ಕೂ ಒಬ್ಬ ಒಡೆಯ ಇರಬೇಕು. ಗೇಣು ಜಾಗ ನಡುವೆ ಉಳಿದರೂ ಮೂರು ತಲೆಮಾರಿನ ಜಗಳ ಬಿತ್ತಿದಂತೆ ಎನ್ನುತ್ತಿದ್ದ. ಬೇವಿನ ಮರದ ನೆರಳು ಹೊತ್ತಿನೊಡನೆ ಸರಿಯದೆ ಇದ್ದಿದ್ದರೆ ಅದನ್ನೂ ಹಂಚಿಬಿಡುತ್ತಿದ್ದನೋ ಏನೋ.

ನಾನು ಬೈಲಹೊಂಗಲದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಎರಡು ವರ್ಷದ ಹಿಂದೆ ಅಲ್ಲಿಗೆ ಹೊಸ ಲಿನಕ್ಸ್ ಸರ್ವರ್ ಬಂತು. ಅದರ ಡಿಸ್ಕನ್ನು ಪಾಲು ಮಾಡಿ, ಪ್ರತಿ ಪಾಲಿಗೂ ಒಂದು ಫೈಲ್ ಸಿಸ್ಟಮ್ ಆರಿಸಬೇಕು. ಫೈಲ್ ಸಿಸ್ಟಮ್ ಎಂದರೆ ಆ ಪಾಲಿನೊಳಗೆ ಕಡತಗಳನ್ನು ಜೋಡಿಸಿಡುವ ಶಿಸ್ತು, ಅಷ್ಟೇ. ನನ್ನೆದುರು ಇಬ್ಬರು ಉಮೇದುವಾರರಿದ್ದರು. ಇಎಕ್ಸ್‌ಟಿ ಫೋರ್ ಎಂಬುದು ಮೆತ್ತಗಿನ ಸ್ವಭಾವದ್ದು. ಕೊಟ್ಟ ಜಾಗ ಹೆಚ್ಚಾಯಿತು ಎನಿಸಿದರೆ, ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ ಕೇಳಿಕೊಂಡರೆ, ಸರಿದು ಕೂತು ಉಳಿದದ್ದನ್ನು ಬಿಟ್ಟುಕೊಡುತ್ತದೆ. ಎಕ್ಸ್‌ಎಫ್‌ಎಸ್ ಹಾಗಲ್ಲ. ಹತ್ತು ಜನ ಒಮ್ಮೆಗೇ ದೊಡ್ಡ ದೊಡ್ಡ ಫೈಲು ತಂದು ಸುರಿದರೂ ಅದು ಬೆವರುವುದಿಲ್ಲ. ಕೆಲಸ ನಿಲ್ಲಿಸದೆಯೇ ಬೆಳೆಯುತ್ತದೆ. ಆದರೆ ಕುಗ್ಗು ಎಂದರೆ ಮಾತ್ರ ಕುಗ್ಗುವುದಿಲ್ಲ. ಒಮ್ಮೆ ಇಸಿದುಕೊಂಡದ್ದು ಇಸಿದುಕೊಂಡದ್ದೇ. ಎಕ್ಸ್‌ರೇ ಚಿತ್ರಗಳು ದೊಡ್ಡ ಫೈಲುಗಳು, ಸರ್ವರ್ ತಾನಾಗಿ ಸೂಚಿಸಿದ್ದೂ ಅದನ್ನೇ, ಹಾಗಾಗಿ ಎಲ್ಲ ಪಾಲಿಗೂ ಎಕ್ಸ್‌ಎಫ್‌ಎಸ್ ಎಂದೇ ಗಟ್ಟಿ ಮಾಡಿದೆ. ಆ ಆಯ್ಕೆ ತಪ್ಪಲ್ಲ ಎಂದು ಇವತ್ತಿಗೂ ವಾದ ಮಾಡುತ್ತೇನೆ.

ತಪ್ಪಿದ್ದು ವಾಟ್ನಿಯಲ್ಲಿ. ಎಕ್ಸ್‌ರೇಗೆ ಅರ್ಧ, ಸಿಬ್ಬಂದಿಯ ಕಡತಗಳಿಗೆ ಅರ್ಧ ಎಂದು ದೊಡ್ಡಪ್ಪನ ಕಟ್ಟಳೆಯಂತೆ ಒಂದು ಚೂರೂ ಬಿಡದೆ ಹಂಚಿ ಕೈ ಝಾಡಿಸಿಕೊಂಡೆ. ಸಿಬ್ಬಂದಿಯ ಪಾಲಿನಲ್ಲಿ ನಾಲ್ಕು ರಜೆಯ ಅರ್ಜಿ, ಎರಡು ಮದುವೆಯ ವಿಡಿಯೊ. ಎಕ್ಸ್‌ರೇ ಪಾಲು ಮಾತ್ರ ಈ ಯುಗಾದಿ ಹೊತ್ತಿಗೆ ತುಂಬಿ ತುಳುಕಿತು. ಆಮೇಲಿನ ಚಿತ್ರಗಳನ್ನು ಸಿಬ್ಬಂದಿಯ ಪಾಲಿನಲ್ಲಿ ತುರುಕತೊಡಗಿದರು. ಬೇಕಾದಾಗ ಒಂದೂ ಕೈಗೆ ಸಿಗದು. ಸಿಬ್ಬಂದಿಯ ಪಾಲನ್ನು ಕುಗ್ಗಿಸಿ ಎಕ್ಸ್‌ರೇಗೆ ಕೊಡೋಣವೆಂದರೆ ಅದು ಎಕ್ಸ್‌ಎಫ್‌ಎಸ್. ಉಳಿದದ್ದು ಒಂದೇ ದಾರಿ: ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಪಾಲನ್ನು ಪೂರಾ ಅಳಿಸಿ, ಚಿಕ್ಕದಾಗಿ ಮತ್ತೆ ಕಟ್ಟುವುದು.

ಅಳಿಸಬೇಕಾದ ಪಾಲಿನಲ್ಲಿ ಕಟಕೋಳದ ಹುಸೇನಸಾಬರ ಬಲಗಾಲೂ ಇತ್ತು. ಅವರು ಟೆಂಪೊ ಓಡಿಸುವವರು. ಬೇಸಿಗೆಯಲ್ಲಿ ಕಾಲು ಮುರಿದಾಗ ತೆಗೆದ ಚಿತ್ರ ಅದು. ಸೋಮವಾರ ಹೊಸ ಚಿತ್ರ ತೆಗೆದು, ಹಳೆಯದರ ಪಕ್ಕದಲ್ಲಿಟ್ಟು ನೋಡಿ, ಅವರು ಮತ್ತೆ ಟೆಂಪೊ ಹತ್ತಬಹುದೋ ಇಲ್ಲವೋ ಎಂದು ನಮ್ಮ ಆಸ್ಪತ್ರೆಯ ಲೇಡಿ ಡಾಕ್ಟರು, ನಾವೆಲ್ಲ ಕರೆಯುವಂತೆ ಡಾಕ್ಟರ್‌ಬಾಯಿ, ಹೇಳಬೇಕಿತ್ತು. ಹಳೆಯ ಚಿತ್ರಕ್ಕೆ ಬೇರೆ ಪ್ರತಿ ಇರಲಿಲ್ಲ.

ಭಾನುವಾರ ಮಧ್ಯಾಹ್ನ ನಕಲು ಮುಗಿಸಿ, ಅಳಿಸುವ ಆದೇಶ ಬರೆದು, ಎಂಟರ್ ಕೀಲಿಯ ಮೇಲೆ ಬೆರಳಿಟ್ಟಿದ್ದೆ. ಡಾಕ್ಟರ್‌ಬಾಯಿ ಬಂದು ನಿಂತು, ನಕಲನ್ನು ತೆರೆದು ನೋಡಿದೆನೋ ಎಂದು ಕೇಳಿದರು. ಫೈಲುಗಳ ಎಣಿಕೆ ಸರಿಯಾಗಿದೆ ಎಂದೆ, ಸ್ವಲ್ಪ ಜಂಬದಿಂದಲೇ.

"ಎಲುಬು ಎಣಿಸಿದ್ರ ಮುರದದ್ದು ತಿಳಿತೈತೇನ್ರಿ? ತೆರದು ನೋಡ್ರಿ."

ತೆರೆದೆ. ಹುಸೇನಸಾಬರ ಕಾಲು ಮೊಣಕಾಲಿನವರೆಗೆ ಮೂಡಿ, ಅಲ್ಲಿಂದ ಕೆಳಗೆ ಬರೀ ಬೂದಿ ಬಣ್ಣ. ಹೊರಗಿನ ಡಿಸ್ಕಿನ ಕೇಬಲ್ ಸಡಿಲವಿತ್ತು. ಎಣಿಕೆ ಸರಿಯಿತ್ತು, ಒಳಗಿನದು ಕೆಟ್ಟಿತ್ತು. ಕೇಬಲ್ ಬದಲಿಸಿ, ಮತ್ತೆ ನಕಲು ಮಾಡಿ, ಒಂದೊಂದೇ ಚಿತ್ರ ತೆರೆದು ನೋಡಿದೆ. ಯಾರ ಯಾರದೋ ಪಕ್ಕೆಲುಬು, ಮೊಣಕೈ, ಹಲ್ಲು. ತಾಲೂಕಿನ ಅರ್ಧ ಜನರನ್ನು ಒಳಗಿನಿಂದ ಕಂಡ ಹಾಗಾಯಿತು. ಆಮೇಲೆ ಎಂಟರ್ ಒತ್ತಿದೆ.

ಹೊಸದಾಗಿ ಕಟ್ಟುವಾಗಲೂ ಎಕ್ಸ್‌ಎಫ್‌ಎಸ್ ಅನ್ನೇ ಆರಿಸಿದೆ. ಕೊಟ್ಟದ್ದನ್ನು ಬಿಡದಿರುವುದು ಅದರ ಗುಣ. ಕೊಡುವಾಗ ಕೈ ಬಿಗಿ ಹಿಡಿಯಬೇಕಾದದ್ದು ನನ್ನ ಕೆಲಸ. ಎಕ್ಸ್‌ರೇಗೂ ಸಿಬ್ಬಂದಿಗೂ ಸದ್ಯಕ್ಕೆ ಸಾಕಾಗುವಷ್ಟೇ ಕೊಟ್ಟು, ಡಿಸ್ಕಿನ ಕಾಲು ಭಾಗವನ್ನು ಯಾರ ಹೆಸರಿಗೂ ಹಚ್ಚದೆ ಉಳಿಸಿದೆ. ಅದು ಯಾರದೆಂದು ಡಾಕ್ಟರ್‌ಬಾಯಿ ಕೇಳಿದರು. ನಾಳೆ ಯಾರಿಗೆ ಬೇಕಾಗುತ್ತದೋ ಅವರದು ಎಂದೆ. ದೊಡ್ಡಪ್ಪ ಕೇಳಿಸಿಕೊಂಡಿದ್ದರೆ ನನ್ನನ್ನು ಮನೆತನದಿಂದಲೇ ತೆಗೆದುಹಾಕುತ್ತಿದ್ದ.

ಸೋಮವಾರ ಎರಡು ಚಿತ್ರಗಳೂ ಅಕ್ಕಪಕ್ಕ ಪರದೆಯ ಮೇಲೆ ಬಂದವು. ಹಳೆಯದರಲ್ಲಿ ಎರಡು ತುಂಡಾದ ಎಲುಬು, ಹೊಸದರಲ್ಲಿ ಅದೇ ಜಾಗದಲ್ಲಿ ಕಬ್ಬಿನ ಗಿಣ್ಣಿನಂಥ ಉಬ್ಬು. ಡಾಕ್ಟರ್‌ಬಾಯಿ ಬಹಳ ಹೊತ್ತು ನೋಡಿದರು.

"ಕೂಡೇತ್ರಿ ಹುಸೇನಸಾಬ್ರ. ಇನ್ನ ಗಾಡಿ ಹೊಡೀರಿ, ಆದ್ರ ಸಾವಕಾಶ."

ಹುಸೇನಸಾಬರು ಮುರಿದ ಕಾಲಿನ ಚಿತ್ರವನ್ನೇ ನೋಡುತ್ತ ನಿಂತರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, ಗುಣವಾಯಿತಲ್ಲ, ಇನ್ನು ಇದನ್ನು ಅಳಿಸಿಬಿಡುತ್ತೀರೇನು ಎಂದು ಕೇಳಿದರು.

"ಇಲ್ರಿ, ಎರಡೂ ಇಡತೇನಿ. ಜಾಗ ಐತಿ," ಎಂದೆ.

ದೊಡ್ಡ ಜಮೀನಿನವರು ಈ ಮಾತನ್ನು ದಿನಕ್ಕೆಷ್ಟು ಸಲ ಆಡುತ್ತಾರೋ ತಿಳಿಯದು. ನಾನು ಅವತ್ತು ಮೊದಲ ಸಲ ಆಡಿದೆ, ಮತ್ತು ಅದು ನಿಜವಾಗಿತ್ತು.